ಕನ್ನಡಿಯ ಮುಂದೆ ಆಡ್ರೆ ಲಾರ್ಡ್

ಪುಸ್ತಕ ಕೊಟ್ಟವಳು ನಾನೇ. ತಂಗಿಯ ಎಡ ಎದೆಯಲ್ಲಿದ್ದ ಗಂಟಿನ ಬಯಾಪ್ಸಿ ವರದಿ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಇನ್ನೂ 11 ದಿನ ಬಾಕಿ. ಊರಿನಿಂದ ಬಂದು ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವವರಿಗೆ ಒಂದು ಚಾಳಿ ಇರುತ್ತದೆ, ಮನೆಯಲ್ಲಿ ಏನೇ ಆದರೂ ಅದಕ್ಕೊಂದು ಪುಸ್ತಕ ನೆನಪಾಗುತ್ತದೆ. ನನಗೆ ನೆನಪಾದದ್ದು ಆಡ್ರೆ ಲಾರ್ಡ್ ಬರೆದ ‘ದಿ ಕ್ಯಾನ್ಸರ್ ಜರ್ನಲ್ಸ್’. ಎಷ್ಟೋ ವರ್ಷ ಎಂ.ಎ. ತರಗತಿಗಳಲ್ಲಿ ಪಾಠ ಮಾಡಿದ ಪುಸ್ತಕ. ಅಂಚಿನಲ್ಲೆಲ್ಲ ನನ್ನ ಪೆನ್ಸಿಲ್ ಗುರುತುಗಳಿದ್ದವು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ತಂಗಿ ಅದನ್ನು ನಾಲ್ಕು ದಿನ ಇಟ್ಟುಕೊಂಡಳು. ಐದನೆಯ ದಿನ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಇಟ್ಟು ಕೇಳಿದಳು: “ಅಕ್ಕಾ, ಈ ಹೆಂಗಸಿಗೆ ನನ್ನ ಮೇಲೆ ಯಾಕೆ ಇಷ್ಟು ಸಿಟ್ಟು?”

ಸಿಟ್ಟು ನಿನ್ನ ಮೇಲಲ್ಲ, ಸಮಾಜದ ಮೇಲೆ ಎಂದೇನೋ ಹೇಳಿದೆ. ತರಗತಿಯಲ್ಲಿ ಹೇಳುವ ಉತ್ತರ ಅದು. ಅವಳು ತಲೆಯಾಡಿಸಿ ಕೊತ್ತಂಬರಿ ಬಿಡಿಸಲು ಕೂತಳು. ಆಮೇಲೆ ಒಂದೂವರೆ ವರ್ಷ ನಾವಿಬ್ಬರೂ ಆ ಪುಸ್ತಕದ ಸುದ್ದಿ ಎತ್ತಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು, ನನ್ನ ಓದೇ ಅರ್ಧವಾಗಿತ್ತು ಎಂದು ಈಗ ಅನಿಸುತ್ತಿದೆ.

ಮೊದಲು ಆ ಹೊತ್ತಿಗೆ ಅವಳ ಕೈಯಲ್ಲಿದ್ದ ಇನ್ನೊಂದು ಕಾಗದದ ಬಗ್ಗೆ ಹೇಳಬೇಕು. ಗಂಟುಗಳು ಒಂದಕ್ಕಿಂತ ಹೆಚ್ಚು ಕಡೆ ಇದ್ದುದರಿಂದ ಗಂಟನ್ನಷ್ಟೇ ತೆಗೆದು ಸ್ತನ ಉಳಿಸುವ ಶಸ್ತ್ರಚಿಕಿತ್ಸೆ ಅವಳಿಗೆ ಆಗುವಂತಿರಲಿಲ್ಲ. ಇಡೀ ಸ್ತನ ತೆಗೆಯಬೇಕು ಎಂದ ಮೇಲೆ ವೈದ್ಯರು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ಮುಂದಿನದನ್ನು ವಿವರಿಸಿದ್ದರು. ಸಿಲಿಕೋನ್ ಇಂಪ್ಲಾಂಟ್ ಇಡಬಹುದು. ಅದಕ್ಕೆ ಜಾಗ ಮಾಡಲು ಮೊದಲು ಚರ್ಮದಡಿ ಬಲೂನಿನಂಥ ಚೀಲವಿಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿ ಹಿಗ್ಗಿಸಬೇಕಾಗಬಹುದು. ಇಲ್ಲವೆಂದರೆ ಬೆನ್ನಿನ ಸ್ನಾಯುವನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ ತರಬಹುದು. ಇನ್ನೊಂದು ದಾರಿ, ಕೆಳಹೊಟ್ಟೆಯ ಕೊಬ್ಬು ಮತ್ತು ಚರ್ಮವನ್ನು ರಕ್ತನಾಳದೊಂದಿಗೆ ಬಿಡಿಸಿ ತಂದು, ಎದೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿಯುವುದು. ಇದು ಹಲವು ಗಂಟೆಗಳ ಕೆಲಸ. ಇದ್ಯಾವುದೂ ಬೇಡವೆಂದರೆ ಎದೆಯನ್ನು ಚಪ್ಪಟೆಯಾಗಿ ಚೆನ್ನಾಗಿ ಹೊಲಿದು ಬಿಡಬಹುದು, ಮೇಲೆ ಬೇಕಿದ್ದರೆ ಬ್ರಾ ಒಳಗೆ ಪ್ಯಾಡ್. ಇವುಗಳಲ್ಲಿ ಯಾವುದನ್ನು ಆರಿಸಿದರೂ ರೋಗ ವಾಸಿಯಾಗುವ ಲೆಕ್ಕ ಬದಲಾಗುವುದಿಲ್ಲ ಎಂದೂ, ಹೊಸದಾಗಿ ಕಟ್ಟಿದ ಸ್ತನಕ್ಕೆ ಹಳೆಯ ಸ್ಪರ್ಶಜ್ಞಾನ ಬಹುಮಟ್ಟಿಗೆ ಇರುವುದಿಲ್ಲ ಎಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಂಗಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುವ ಸಂಭವವಿತ್ತು. ವಿಕಿರಣ ಬಿದ್ದರೆ ಇಂಪ್ಲಾಂಟಿನ ಸುತ್ತ ಅಂಗಾಂಶ ಗಟ್ಟಿಯಾಗಿ ಬಿಗಿದುಕೊಳ್ಳುವುದುಂಟು. ಹಾಗಾಗಿ ಈಗಲೇ ಏನೂ ನಿರ್ಧರಿಸಬೇಡಿ, ಎಲ್ಲ ಮುಗಿದ ಮೇಲೆ ನೋಡೋಣ ಎಂದಿದ್ದರು.

ಈ ಕೊನೆಯ ಮಾತಿನ ಬೆಲೆ ಅಂದು ನನಗೆ ತಿಳಿಯಲಿಲ್ಲ.

ಆ ಹಾಳೆಯ ಮೇಲೆ ವೈದ್ಯರು ಬರೆದದ್ದು ‘ಪುನರ್‌ನಿರ್ಮಾಣ’ ಎಂದು. ಕುಸಿದ ಸೇತುವೆಗೆ, ಪಾಳುಬಿದ್ದ ಗುಡಿಗೆ ಬಳಸುವ ಪದ. ಇನ್ನೇನು ಬರೆಯಬಹುದಿತ್ತು ಎಂದರೆ ನನ್ನ ಬಳಿಯೂ ಬೇರೆ ಪದವಿಲ್ಲ. ಅಂಗದ ಹೆಸರಿಗೇ ನಮ್ಮಲ್ಲಿ ತಡವರಿಕೆ. ‘ಸ್ತನ’ ಎಂದರೆ ಪಠ್ಯಪುಸ್ತಕ. ‘ಮೊಲೆ’ ಎನ್ನುವ ಅಚ್ಚ ಕನ್ನಡದ, ಹಳಗನ್ನಡ ಕವಿಗಳು ಸಂಕೋಚವಿಲ್ಲದೆ ಬಳಸಿದ ಮಾತು ಈಗ ಬೈಗುಳದ ಪಕ್ಕ ಹೋಗಿ ಕೂತಿದೆ. ಆಸ್ಪತ್ರೆಯಲ್ಲಿ ಎಲ್ಲರೂ ‘ಬ್ರೆಸ್ಟ್’ ಎನ್ನುತ್ತಾರೆ, ಮನೆಯಲ್ಲಿ ‘ಎದೆ’. ಈ ಎದೆಯಾದರೋ ಬಲು ಹಿಗ್ಗುವ ಪದ. ಎದೆಹಾಲು ಅಲ್ಲಿಂದಲೇ, ಎದೆಗಾರಿಕೆ ಅಲ್ಲಿಂದಲೇ, ಎದೆಗುಂದುವುದೂ ಅಲ್ಲಿಯೇ. ಅಮ್ಮ ಫೋನಿನಲ್ಲಿ ಸೋದರಮಾವನಿಗೆ “ಎದೆ ತೆಗೀತಾರಂತೆ” ಎಂದು ಹೇಳುವುದನ್ನು ಕೇಳಿಸಿಕೊಂಡ ದಿನ ನನಗೂ ಆ ಪದ ಸಾಕೆನಿಸಿತು.

ಈಗ ಲಾರ್ಡ್. 1934ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕಪ್ಪು ಕವಯಿತ್ರಿ, ಲೆಸ್ಬಿಯನ್, ಇಬ್ಬರು ಮಕ್ಕಳ ತಾಯಿ. 1978ರ ಸೆಪ್ಟೆಂಬರಿನಲ್ಲಿ, 44ನೆಯ ವಯಸ್ಸಿನಲ್ಲಿ, ಆಕೆಯ ಬಲ ಸ್ತನವನ್ನು ತೆಗೆಯಲಾಯಿತು. 1980ರಲ್ಲಿ ಈ ಸಣ್ಣ ಪುಸ್ತಕ ಬಂತು. ದಿನಾಂಕ ಹಾಕಿದ ದಿನಚರಿಯ ತುಣುಕುಗಳು, ಮೌನವನ್ನು ಮುರಿಯುವ ಬಗ್ಗೆ ಮಾಡಿದ ಒಂದು ಭಾಷಣ, ಆಸ್ಪತ್ರೆಯ ದಿನಗಳ ಕಥನ, ಕೊನೆಗೆ ಕೃತಕ ಸ್ತನದ ವಿರುದ್ಧ ಒಂದು ವಾದ. ಪಾಠ ಮಾಡುವವರಿಗೆ ಕೊನೆಯ ಭಾಗವೇ ಅನುಕೂಲ. ಅಲ್ಲಿ ಪ್ರಮೇಯವಿದೆ, ಪರೀಕ್ಷೆಗೆ ಪ್ರಶ್ನೆ ತೆಗೆಯಬಹುದು. ನಾನೂ ಅದನ್ನೇ ಮಾಡುತ್ತಾ ಬಂದೆ.

ವಾದ ಇಷ್ಟು. ಸ್ತನ ಕಳೆದುಕೊಂಡವರೆಲ್ಲ ಪ್ಯಾಡ್ ಇಟ್ಟುಕೊಂಡು, ಇಲ್ಲವೇ ಸಿಲಿಕೋನ್ ತುಂಬಿಸಿಕೊಂಡು ಏನೂ ಆಗಿಲ್ಲವೆಂಬಂತೆ ಓಡಾಡಿದರೆ, ಅವರು ಬೀದಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸಲಾರರು. ಗುರುತಿಸದಿದ್ದರೆ ಸೇರಲಾರರು. ಸೇರದಿದ್ದರೆ ಈ ರೋಗ ಯಾಕೆ ಇಷ್ಟು ಜನರಿಗೆ ಬರುತ್ತಿದೆ, ನಾವು ತಿನ್ನುವ ಮಾಂಸದಲ್ಲಿ, ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ಕೇಳುವವರೇ ಇರುವುದಿಲ್ಲ. ಒಂಟಿ ಸ್ತನದ ಹೆಂಗಸರ ದಂಡೊಂದು ಅಮೆರಿಕದ ಸಂಸತ್ತಿಗೆ ನುಗ್ಗಿ, ದನದ ಮೇವಿಗೆ ಹಾರ್ಮೋನು ಬೆರೆಸುವುದನ್ನು ನಿಲ್ಲಿಸಿ ಎಂದು ಕೇಳಿದರೆ ಹೇಗಿರುತ್ತದೆ ಎಂದು ಆಕೆ ಕಲ್ಪಿಸಿಕೊಳ್ಳುತ್ತಾಳೆ. ಈ ಕಲ್ಪನೆ ತರಗತಿಯಲ್ಲಿ ಯಾವಾಗಲೂ ಗೆಲ್ಲುತ್ತದೆ. ಹುಡುಗಿಯರು ನೆಟ್ಟಗೆ ಕೂರುತ್ತಾರೆ.

ಅದೇ ಪ್ರಬಂಧದಲ್ಲಿರುವ ನರ್ಸಿನ ಪ್ರಸಂಗವೂ ಗೆಲ್ಲುತ್ತದೆ. ಶಸ್ತ್ರಚಿಕಿತ್ಸೆಯಾಗಿ 10 ದಿನ. ಹೊಲಿಗೆ ಬಿಚ್ಚಿಸಲು ಲಾರ್ಡ್ ವೈದ್ಯರ ಬಳಿಗೆ ಹೋಗುತ್ತಾಳೆ. ಬದುಕಿ ಹೊರಬಂದ ಸಂಭ್ರಮಕ್ಕೆ ಚೆನ್ನಾಗಿ ಅಲಂಕರಿಸಿಕೊಂಡಿದ್ದಾಳೆ. ನರ್ಸು ಆಕೆಯ ಎದೆ ನೋಡಿ, ಪ್ಯಾಡ್ ಹಾಕಿಕೊಂಡಿಲ್ಲವಲ್ಲ ಎನ್ನುತ್ತಾಳೆ. ಹೀಗೆ ಬಂದರೆ ಇಲ್ಲಿಗೆ ಬರುವ ಉಳಿದವರ ಸ್ಥೈರ್ಯ ಕುಗ್ಗುತ್ತದೆ ಎಂದು ಬುದ್ಧಿವಾದ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಜಾಗದಲ್ಲೇ ಸ್ತನವಿಲ್ಲದವಳು ಕಾಣಬಾರದು! ಆಗ ಲಾರ್ಡ್‌ಗೆ ನೆನಪಾಗುವುದು ಇಸ್ರೇಲಿನ ಮೋಶೆ ದಯಾನ್. ಕಳೆದುಹೋದ ಕಣ್ಣಿನ ಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡು ಆತ ಜಗತ್ತೆಲ್ಲ ತಿರುಗಿದ. ಗಾಜಿನ ಕಣ್ಣು ಹಾಕಿಕೊ, ನಮಗೆ ಮುಜುಗರವಾಗುತ್ತದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಗಂಡಸಿನ ಗಾಯ ಶೌರ್ಯದ ಗುರುತು, ಹೆಂಗಸಿನದು ಮುಚ್ಚಬೇಕಾದ ಕೊರತೆ. ಇದಕ್ಕಿಂತ ಚುರುಕಾದ ಹೋಲಿಕೆಯನ್ನು ಈ ವಿಷಯದ ಮೇಲೆ ನಾನು ಬೇರೆಲ್ಲೂ ಓದಿಲ್ಲ.

ಹಾಗಾದರೆ ತಂಗಿಗೆ ಕಂಡ ಸಿಟ್ಟು ಯಾವುದು? ಮತ್ತೆ ಓದುವಾಗ ಅದು ಒಂದು ವಾಕ್ಯದಲ್ಲಿ ಸಿಕ್ಕಿತು. ಕೃತಕ ಸ್ತನದ ದಾರಿ ಹಿಡಿದವರನ್ನು ನಾನು ತೂಗಿ ನೋಡುವುದಿಲ್ಲ, ಅವರದೂ ಒಂದು ಬಗೆಯ ಧೈರ್ಯ ಎಂದು ಲಾರ್ಡ್ ಹೇಳುತ್ತಾಳೆ. ಇದನ್ನು ಉದಾರವಾದ ಮಾತೆಂದೇ ನಾನು ಪಾಠದಲ್ಲಿ ತೋರಿಸುತ್ತಿದ್ದೆ. ಆದರೆ ಅದೇ ಉಸಿರಿನಲ್ಲಿ ಆ ದಾರಿಗೆ ಆಕೆ ಇಡುವ ಹೆಸರು ಮೌನದ, ಕಣ್ಮರೆಯ ದಾರಿ ಎಂದು. ತೀರ್ಪು ಕೊಡುವುದಿಲ್ಲ ಎಂಬುದು ಕ್ರಿಯಾಪದದಲ್ಲಿದೆ, ತೀರ್ಪು ಆಗಲೇ ನಾಮಪದದಲ್ಲಿ ಕೂತಿದೆ. ನಾನು ಆ ವಾಕ್ಯದ ಪಕ್ಕ ಹಾಕಿದ್ದ ಪೆನ್ಸಿಲ್ ಗೆರೆಯನ್ನು ನೋಡಿದಾಗ ನಾಚಿಕೆಯಾಯಿತು. ಇನ್ನು 7 ದಿನದಲ್ಲಿ ಥಿಯೇಟರಿಗೆ ಹೋಗಬೇಕಾದವಳು, ಮೊದಲಿನಂತೆಯೇ ಕಾಣಬೇಕು ಎಂದು ಒಳಗೊಳಗೇ ಆಸೆಪಡುತ್ತಿದ್ದವಳು, ಆ ನಾಮಪದವನ್ನು ಓದದೆ ಇರುತ್ತಾಳೆಯೇ?

ಲಾರ್ಡ್ ಯಾಕೆ ಅಷ್ಟು ಬಿಗಿಯಾಗಿ ಬರೆದಳು ಎಂಬುದಕ್ಕೆ ಕಾಲದ ಕಾರಣಗಳಿವೆ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂಬ ಆ ನಂಬಿಕೆ ಮುಕ್ಕಾಲು ಶತಮಾನ ಆಳಿತು. ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೇಸಿ ನಡೆಸಿದ ಪ್ರಯೋಗಗಳು, ಎಷ್ಟೋ ಮಂದಿಗೆ ಗಂಟಿನ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಇರುತ್ತದೆ ಎಂದು ತೋರಿಸಿದ್ದು 1980ರ ದಶಕದಲ್ಲಿ, ಅಂದರೆ ಲಾರ್ಡ್‌ಳ ಪುಸ್ತಕ ಬಂದ ಮೇಲೆ. ಅದಕ್ಕೂ ಮೊದಲು ಅಮೆರಿಕದಲ್ಲಿ ಬಯಾಪ್ಸಿಗೆಂದು ಅರಿವಳಿಕೆ ತೆಗೆದುಕೊಂಡ ಹೆಂಗಸಿಗೆ, ಎಚ್ಚರಾದಾಗ ಸ್ತನ ಇರುತ್ತದೋ ಇಲ್ಲವೋ ಎಂಬುದೇ ಗೊತ್ತಿರುತ್ತಿರಲಿಲ್ಲ. ಪರೀಕ್ಷೆಯೂ ಕತ್ತರಿಯೂ ಒಂದೇ ಪಟ್ಟಿಗೆ. ರೋಸ್ ಕುಷ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನಗೆ ಹಾಗೆ ಮಾಡಗೊಡುವುದಿಲ್ಲ ಎಂದು ಹಟ ಹಿಡಿದು, ಒಪ್ಪುವ ವೈದ್ಯರನ್ನು ಹುಡುಕಿಕೊಂಡು ಅಲೆದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಆ ಪದ್ಧತಿ ಬೇಡ ಎಂದಿತು. ಆ ಸಭೆಯಲ್ಲಿ ಕುಷ್ನರ್ ಕೂಡ ಇದ್ದಳು. ಇಂಥ ಹವೆಯಲ್ಲಿ, ಯಾರೂ ಕೇಳದೆಯೇ ಕೊಡುವ ಪ್ಯಾಡ್ ಕೂಡ ಕತ್ತರಿಯ ಮುಂದುವರಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಪ್ಯಾಡಿಗೂ ಒಂದು ಚರಿತ್ರೆಯಿದೆ, ಅದು ಲಾರ್ಡ್‌ಳ ಪುಸ್ತಕದಲ್ಲಿ ಇಲ್ಲ. ಆಸ್ಪತ್ರೆಗಳಲ್ಲಿ ಅದನ್ನು ಹಂಚುತ್ತಿದ್ದ ‘ರೀಚ್ ಟು ರಿಕವರಿ’ ಸಂಘಟನೆಯನ್ನು 1952ರಲ್ಲಿ ಆರಂಭಿಸಿದವಳು ಟೆರೀಸ್ ಲ್ಯಾಸರ್, ಸ್ವತಃ ಸ್ತನ ಕಳೆದುಕೊಂಡವಳು. ಕೈ ಮೇಲೆತ್ತುವ ವ್ಯಾಯಾಮಕ್ಕೆ ಚೆಂಡು ಮತ್ತು ಹಗ್ಗ, ಬ್ರಾ ಒಳಗಿಡಲು ಪ್ಯಾಡ್, ಇಷ್ಟನ್ನು ಹಿಡಿದುಕೊಂಡು ರೋಗಿಗಳ ಕೋಣೆಗೆ ಹೋಗುತ್ತಿದ್ದಳು. ರೋಗಿಯ ಜೊತೆ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಮಾತಾಡದಿದ್ದ ಕಾಲ ಅದು. ಅನೇಕ ಶಸ್ತ್ರವೈದ್ಯರಿಗೆ ಆಕೆ ತಲೆನೋವಾಗಿದ್ದಳು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. 1978ರ ಹೊತ್ತಿಗೆ ಅದು ಕ್ರಮಬದ್ಧವಾದ ಭೇಟಿಯಾಗಿತ್ತು, ಪ್ಯಾಡು ಸಮವಸ್ತ್ರವಾಗಿತ್ತು. ಒಬ್ಬಳ ಬಂಡಾಯ ಇನ್ನೊಬ್ಬಳ ಹಾಸಿಗೆಯ ಪಕ್ಕಕ್ಕೆ ನಿಯಮವಾಗಿ ಬಂದು ನಿಂತಿತು. ಲಾರ್ಡ್‌ಳ ಪುಸ್ತಕವನ್ನು ನಾನು ತಂಗಿಯ ಕೈಗೆ ಕೊಟ್ಟದ್ದೂ ಹೆಚ್ಚುಕಡಿಮೆ ಹಾಗೆಯೇ. ಆ ಸಂದರ್ಶಕಿ ಪ್ಯಾಡ್ ಹಿಡಿದುಕೊಂಡು ಬಂದಳು, ನಾನು ಪ್ಯಾಡ್ ವಿರೋಧಿ ಪುಸ್ತಕ ಹಿಡಿದುಕೊಂಡು ಹೋದೆ.

ಲಾರ್ಡ್‌ಳ ಕೋಣೆಗೆ ಬಂದ ಸಂದರ್ಶಕಿಯ ಚಿತ್ರ ಪುಸ್ತಕದ ಮಧ್ಯಭಾಗದಲ್ಲಿದೆ. ನಾನು ಪಾಠದಲ್ಲಿ ಬೇಗ ದಾಟಿಹೋಗುತ್ತಿದ್ದ ಭಾಗ. ಅಲ್ಲಿಯ ಲಾರ್ಡ್ ಬೇರೆಯೇ ಹೆಂಗಸು. ಬಂದವಳು ಒಳ್ಳೆಯವಳು, ಗಟ್ಟಿಗಿತ್ತಿ, ಮಾತಿನ ಮಲ್ಲಿ. ಬಿಗಿಯಾದ ಸ್ವೆಟರ್ ತೊಟ್ಟು ನಿಂತು, ನನ್ನ ಎರಡರಲ್ಲಿ ಯಾವುದು ಅಸಲಿ ಹೇಳು ನೋಡೋಣ ಎಂದು ಸವಾಲು ಹಾಕುತ್ತಾಳೆ. ಒಳ ಉಡುಪಿನ ಬಿಗಿತದಲ್ಲಿ ಎರಡೂ ಒಂದೇ ಸಮ ನಕಲಿಯಾಗಿ ಕಾಣುತ್ತವೆ ಎಂದು ಲಾರ್ಡ್‌ಗೆ ಅನಿಸುತ್ತದೆ. ಇಲ್ಲಿ ನಗು ಬರುತ್ತದೆ, ಬರಲೆಂದೇ ಬರೆದದ್ದು. ಆಮೇಲೆ ಗಂಡಸರ ವಿಷಯಕ್ಕೆ ಧೈರ್ಯದ ಮಾತುಗಳು. ಹೆಂಗಸನ್ನು ಪ್ರೀತಿಸುವ ಲಾರ್ಡ್‌ಗೆ ಅವು ಯಾವ ಕೆಲಸಕ್ಕೂ ಬಾರವು. ತನ್ನ ಪ್ರಿಯತಮೆ ಈ ಮೈಯನ್ನು ಹೇಗೆ ಮುಟ್ಟುವಳು ಎಂಬ ಪ್ರಶ್ನೆಯನ್ನು ಕೇಳಲು ಆ ಕೋಣೆಯಲ್ಲಿ ಯಾರೂ ಇಲ್ಲ. ಆಕೆ ಹೋಗುತ್ತಾಳೆ, ಉಣ್ಣೆ ತುಂಬಿದ ಪ್ಯಾಡ್ ಹಾಸಿಗೆಯ ಬಳಿ ಉಳಿಯುತ್ತದೆ.

ಆಮೇಲೆ ಲಾರ್ಡ್ ಮಾಡುವುದೇನು? ಎದ್ದು, ಕನ್ನಡಿಯ ಮುಂದೆ ನಿಂತು, ಪ್ಯಾಡನ್ನು ಬ್ರಾದ ಬಲಬದಿಗೆ ತುರುಕಿಕೊಂಡು ನೋಡುತ್ತಾಳೆ. ಅದು ಓರೆಯಾಗಿ, ಜೀವವಿಲ್ಲದೆ ಕೂರುತ್ತದೆ. ತನಗೂ ಅದಕ್ಕೂ ಏನೂ ಸಂಬಂಧವಿಲ್ಲ ಅನಿಸುತ್ತದೆ. ಅಷ್ಟೇ ಅಲ್ಲ, ಬಣ್ಣವೂ ಬೇರೆ. ಬಿಳಿಯರ ಚರ್ಮದ ತಿಳಿಗುಲಾಬಿಯ ಆ ವಸ್ತು ಆಕೆಯ ಕಪ್ಪು ಮೈಯ ಮೇಲೆ ವಿಕಾರವಾಗಿ ಕಾಣುತ್ತದೆ. ತೆಗೆದು ಹಾಕುತ್ತಾಳೆ. ತೆಳುವಾದ ನೈಟ್‌ಗೌನ್ ಚಪ್ಪಟೆ ಎದೆಯ ಮೇಲೆ ಇಳಿಯುತ್ತದೆ.

ಇಡೀ ಪುಸ್ತಕದಲ್ಲಿ ನನಗೆ ಈಗ ಮುಖ್ಯವಾಗಿ ಕಾಣುವುದು ಈ ಪ್ಯಾರಾ. ಲಾರ್ಡ್ ಪ್ಯಾಡನ್ನು ತಿರಸ್ಕರಿಸಿದ್ದು ಸಿದ್ಧಾಂತದಿಂದಲ್ಲ. ಹಾಕಿ ನೋಡಿ, ಕನ್ನಡಿಯಲ್ಲಿ ಕಂಡು, ಬೇಡವೆಂದಳು. ಮೂರನೆಯ ಪ್ರಬಂಧದ ಹೊತ್ತಿಗೆ ಈ ಹಾಕಿ ನೋಡಿದ ಕ್ಷಣ ವಾದದೊಳಗೆ ಕರಗಿಹೋಗಿದೆ, ತಿರಸ್ಕಾರ ಮಾತ್ರ ಉಳಿದಿದೆ. ಕನ್ನಡಿಯ ಮುಂದೆ ನಿಲ್ಲುವ ಹಕ್ಕನ್ನು ಆಕೆ ತನಗೆ ಕೊಟ್ಟುಕೊಂಡಳು. ಅದೇ ಕನ್ನಡಿಯಲ್ಲಿ ಇನ್ನೊಬ್ಬಳಿಗೆ ಇನ್ನೊಂದು ಕಾಣಬಹುದು ಎಂಬುದನ್ನು ದಿನಚರಿ ಬರೆದ ಲಾರ್ಡ್ ಬಲ್ಲಳು, ವಾದ ಮಾಡಿದ ಲಾರ್ಡ್ ಮರೆಯುತ್ತಾಳೆ. ಪುಸ್ತಕದ ಆಕಾರವೇ ಅದರ ಪ್ರಮೇಯಕ್ಕಿಂತ ಜಾಣ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಮೂರನೆಯ ಪ್ರಬಂಧವನ್ನಷ್ಟೇ ಬಿಡಿಯಾಗಿ ಜೆರಾಕ್ಸ್ ಮಾಡಿ ಹಂಚುವ ನಮ್ಮಂಥ ಅಧ್ಯಾಪಕರು ಆ ಜಾಣತನವನ್ನು ಕತ್ತರಿಸಿ ಹಾಕುತ್ತೇವೆ.

ಹಾಗೆ ನೋಡಿದರೆ ಮೂರನೆಯ ಪ್ರಬಂಧದ ಜಗಳವೂ ಮುಖ್ಯವಾಗಿ ಸಮಯದ ಬಗ್ಗೆಯೇ. ಹೋದದ್ದಕ್ಕೆ ಅಳಲು ಪುರಸೊತ್ತು ಕೊಡದೆ, ಗಾಯದ ಮೇಲೆ ಹತ್ತಿ ಒಣಗುವ ಮೊದಲೇ, ಏನೂ ಹೋಗಿಲ್ಲ ನೋಡು ಎಂದು ಕೈಗೆ ಇಡುತ್ತಾರಲ್ಲ, ಅದು ಆಕೆಯನ್ನು ಕೆರಳಿಸುತ್ತದೆ. ನರ್ಸಿನ ಪ್ರಸಂಗದ ಲೆಕ್ಕ ಮತ್ತೊಮ್ಮೆ ನೋಡಿ: 10 ದಿನ.

ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ ಬೇಕಾದದ್ದು ಅದಕ್ಕಿಂತ ಹೆಚ್ಚು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನ ತನ್ನ ಮನೆಯಲ್ಲೇ, ಅರಿವಳಿಕೆಯಿಲ್ಲದ ಕಾಲದಲ್ಲಿ, ಆಕೆಯ ಬಲ ಸ್ತನವನ್ನು ತೆಗೆದರು. ನೆಪೋಲಿಯನ್ನನ ಸೇನೆಯ ಪ್ರಸಿದ್ಧ ಶಸ್ತ್ರವೈದ್ಯ ಲಾರ್ರೆ ಕತ್ತಿ ಹಿಡಿದಿದ್ದ. ನೋವಿಗೆಂದು ಸಿಕ್ಕಿದ್ದು ಒಂದು ಗುಟುಕು ವೈನ್. ಕಪ್ಪು ಬಟ್ಟೆಯ ಏಳು ಜನ ಗಂಡಸರು ಕೋಣೆಗೆ ಬಂದರು. ಮುಖದ ಮೇಲೆ ಹೊದಿಸಿದ ಕರವಸ್ತ್ರ ತೀರಾ ತೆಳುವಾಗಿದ್ದರಿಂದ ಉಕ್ಕಿನ ಹೊಳಪು ಅದರ ಮೂಲಕವೇ ಕಾಣುತ್ತಿತ್ತು. ಸ್ತನವನ್ನು ಹಿಡಿದುಕೊಳ್ಳುವವರು ಯಾರು ಎಂದು ಪ್ರಶ್ನೆ ಬಂದಾಗ ತಾನೇ ಹಿಡಿದುಕೊಳ್ಳುತ್ತೇನೆ ಎಂದಳು ಬರ್ನಿ. ಅಕ್ಕನಿಗೆ ಇದನ್ನೆಲ್ಲ ತಿಳಿಸುವ ಪತ್ರವನ್ನು ಬರೆಯಲು ಶುರು ಮಾಡಿದ್ದು ಮುಂದಿನ ವರ್ಷದ ಮಾರ್ಚಿನಲ್ಲಿ, ಮುಗಿಸಿದ್ದು ಜೂನಿನಲ್ಲಿ. ಬರೆದದ್ದನ್ನು ಹಿಂದಿರುಗಿ ಓದುವುದೂ ಆಗಲಿಲ್ಲ. ಒಂದು ಪತ್ರಕ್ಕೆ ಮುಕ್ಕಾಲು ವರ್ಷ! ಆಮೇಲೆ 28 ವರ್ಷ ಬದುಕಿದಳು. ಆ ಪತ್ರದಲ್ಲಿ ಯೋಧಳಿಲ್ಲ, ಸಂದೇಶವಿಲ್ಲ. ಕೋಣೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬುದಿದೆ.

ಯೋಧರ ಮಾತು ಬಂತಲ್ಲ. ಲಾರ್ಡ್‌ಗಿಂತ ಎರಡು ವರ್ಷ ಮೊದಲು, ಅದೇ ನ್ಯೂಯಾರ್ಕಿನಲ್ಲಿ, ಅದೇ ರೋಗ ಅನುಭವಿಸಿದ ಸುಸಾನ್ ಸೊಂಟಾಗ್ ‘ಇಲ್‌ನೆಸ್ ಆ್ಯಸ್ ಮೆಟಫರ್’ ಬರೆದಿದ್ದಳು. ಕ್ಯಾನ್ಸರಿಗೆ ಅಂಟಿರುವ ಯುದ್ಧದ ರೂಪಕಗಳನ್ನು ಕಿತ್ತು ಹಾಕಬೇಕು ಎಂದು ವಾದಿಸಿದ ಆ ಪುಸ್ತಕದಲ್ಲಿ ತನ್ನ ರೋಗದ ಬಗ್ಗೆ ಒಂದು ಮಾತೂ ಇಲ್ಲ. ಲಾರ್ಡ್ ತದ್ವಿರುದ್ಧ. ‘ನಾನು’ ಎಂದೇ ಆರಂಭಿಸಿ, ದಾಹೋಮಿಯ ಅಮೆಝಾನ್ ಯೋಧರನ್ನು ಕರೆದು ತನ್ನ ಪಕ್ಕ ನಿಲ್ಲಿಸಿಕೊಳ್ಳುತ್ತಾಳೆ. ಇಬ್ಬರಲ್ಲಿ ಯಾರು ಸರಿ ಎಂದು ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯಲು ಕೊಟ್ಟಿದ್ದೇನೆ. ನಮ್ಮ ನೆರೆಯ ತಮಿಳಿನಲ್ಲಿ ಕಣ್ಣಗಿಯೂ ಇದ್ದಾಳೆ, ತನ್ನ ಸ್ತನ ಕಿತ್ತೆಸೆದು ಮಧುರೆಯನ್ನು ಸುಟ್ಟವಳು. ತಂಗಿಗೆ ಯಾವ ಪಟ್ಟಣವನ್ನೂ ಸುಡುವುದಿರಲಿಲ್ಲ. ಜೂನಿನಲ್ಲಿ ಶಾಲೆ ಶುರುವಾಗುವಾಗ ಎಂಟನೆಯ ತರಗತಿಗೆ ಬೀಜಗಣಿತ ಹೇಳಬೇಕಿತ್ತು, ಬೋರ್ಡಿನ ಮೇಲುತುದಿಗೆ ಕೈ ಎಟುಕಬೇಕಿತ್ತು, ಬ್ಲೌಸು ಸರಿಯಾಗಿ ಕೂರಬೇಕಿತ್ತು. ಪತ್ರಿಕೆಗಳ ‘ಕ್ಯಾನ್ಸರ್ ಗೆದ್ದ ಧೀರೆ’ ಎಂಬ ಶೀರ್ಷಿಕೆ ಕಂಡರೆ ಪುಟ ಮಗುಚುತ್ತಿದ್ದಳು. ಸತ್ತವರೇನು ಹೇಡಿಗಳೇ ಎನ್ನುವುದು ಅವಳ ಪ್ರಶ್ನೆ. ಸೊಂಟಾಗಳನ್ನು ಓದದೆಯೇ ಅವಳು ಸೊಂಟಾಗ್ ಪಕ್ಷ.

ಸಮಯದ ಮಾತಿಗೇ ಮರಳುವುದಾದರೆ, ಲಾರ್ಡ್‌ಳ ಜಗಳವನ್ನು ನಮ್ಮ ಕಾಲಕ್ಕೆ ತಂದವಳು ಆ್ಯನ್ ಬಾಯರ್. 2014ರಲ್ಲಿ, 41ನೆಯ ವಯಸ್ಸಿನಲ್ಲಿ ರೋಗ ಪತ್ತೆಯಾದ ಈ ಅಮೆರಿಕನ್ ಕವಯಿತ್ರಿಯ ‘ದಿ ಅನ್‌ಡೈಯಿಂಗ್’ 2019ರಲ್ಲಿ ಬಂದು ಮರುವರ್ಷ ಪುಲಿಟ್ಜರ್ ಪಡೆಯಿತು. ಎರಡೂ ಸ್ತನ ತೆಗೆದ ದಿನವೇ ಆಕೆಯನ್ನು ಆಸ್ಪತ್ರೆಯಿಂದ ಮನೆಗೆ ಸಾಗಹಾಕುತ್ತಾರೆ. ರಜೆ ಮುಗಿದುಹೋಗಿರುವುದರಿಂದ ಗಾಯದ ದ್ರವ ಹರಿಯುವ ಚೀಲಗಳನ್ನು ಮೈಗೆ ಹೊಲಿದುಕೊಂಡೇ ಕೆಲವೇ ದಿನಗಳಲ್ಲಿ ತರಗತಿಗೆ ಹೋಗಿ ವಾಲ್ಟ್ ವಿಟ್ಮನ್‌ನ ಪಾಠ ಮಾಡುತ್ತಾಳೆ. ಈಗ ಎಲ್ಲೆಲ್ಲೂ ಗುಲಾಬಿ ರಿಬ್ಬನ್ನು, ಎಲ್ಲೆಲ್ಲೂ ಮಾತು. ಲಾರ್ಡ್ ಬಯಸಿದಂತೆ ಮೌನ ಮುರಿದಿದೆ. ಆದರೆ ಮಲಗಲು ಹಾಸಿಗೆ ಇಲ್ಲ. ಬಾಯರ್‌ಳ ಸಿಟ್ಟು ಓದುಗಳತ್ತ ತಿರುಗುವುದೇ ಇಲ್ಲ, ಅದಕ್ಕೆ ವಿಳಾಸವಿದೆ: ರಜೆ ಕೊಡದ ಕೆಲಸ, ಬಿಲ್ಲು ಕಳಿಸುವ ಆಸ್ಪತ್ರೆ, ಗಾಳಿಗೆ ವಿಷ ಬಿಡುವ ಕಾರ್ಖಾನೆ. ಇದನ್ನು ತಂಗಿಗೆ ಕೊಡಬೇಕಿತ್ತು ಅನಿಸಿತು. ಆಮೇಲೆ ಯಾವುದನ್ನೂ ಕೊಡಬಾರದಿತ್ತು ಅನಿಸಿತು.

ಈ ಆಯ್ಕೆಗಳ ಹಾಳೆಯೇ ಸಿಗದವರ ಕಥೆ ನಮ್ಮ ಕಡೆಯದು, ಮಹಾಶ್ವೇತಾ ದೇವಿಯವರ ‘ಸ್ತನದಾಯಿನಿ’. ಹಾಲ್ದಾರರ ಮನೆಯ ಮಕ್ಕಳಿಗೆ ಹಾಲೂಡಿಸುವುದನ್ನೇ ಕಸುಬು ಮಾಡಿಕೊಂಡು ಸಂಸಾರ ಸಾಕಿದ ಯಶೋದೆಗೆ ಕೊನೆಗೆ ಅದೇ ಸ್ತನದಲ್ಲಿ ಕ್ಯಾನ್ಸರ್. ವೈದ್ಯರ ಬಳಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಸಾಯುವಾಗ, ಹಾಲು ಕುಡಿದ ಅಷ್ಟು ಮಕ್ಕಳಲ್ಲಿ ಒಬ್ಬರೂ ಹತ್ತಿರವಿಲ್ಲ. ತೆಗೆಯಬೇಕೇ, ಕಟ್ಟಬೇಕೇ, ಚಪ್ಪಟೆಯಾಗಿ ಬಿಡಬೇಕೇ ಎಂಬ ನಮ್ಮ ಚರ್ಚೆಯೆಲ್ಲ ಆ ಕಥೆಯ ಹೊಸ್ತಿಲಾಚೆಯೇ ನಿಲ್ಲುತ್ತದೆ. ಕನ್ನಡದಲ್ಲಿ ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಇದೆ, ತಮ್ಮ ಕ್ಯಾನ್ಸರಿನ ದಿನಗಳನ್ನು ಮನೆಮಾತಿನಲ್ಲೇ ಹೇಳಿದ ಪುಸ್ತಕ. ಕನ್ನಡದ್ದನ್ನು ಬಿಟ್ಟು ಇಂಗ್ಲಿಷಿನದ್ದನ್ನೇ ತಂಗಿಗೆ ಯಾಕೆ ಕೊಟ್ಟೆ ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ನನ್ನ ಬಗ್ಗೆ ಒಳ್ಳೆಯದೇನನ್ನೂ ಹೇಳುವುದಿಲ್ಲ.

ಲಾರ್ಡ್‌ಗೆ ಅನ್ಯಾಯ ಮಾಡುತ್ತಿದ್ದೇನೆಯೇ ಎಂಬ ಅನುಮಾನವೂ ಇದೆ. ಅಮೆರಿಕದ ಎಷ್ಟೋ ಹೆಂಗಸರು ತಮಗೆ ಪುನರ್‌ನಿರ್ಮಾಣ ಬೇಡ, ಚಪ್ಪಟೆಯಾಗಿ ಹೊಲಿಯಿರಿ ಎಂದು ಕೇಳಿಯೂ, ಮುಂದೆ ಮನಸ್ಸು ಬದಲಾಯಿಸಿಯಾರು ಎಂದು ವೈದ್ಯರು ಹೆಚ್ಚುವರಿ ಚರ್ಮವನ್ನು ಜೋಲುಬಿಟ್ಟ ಪ್ರಸಂಗಗಳನ್ನು ಹೇಳಿಕೊಂಡಿದ್ದಾರೆ. ಚಪ್ಪಟೆ ಎದೆಯನ್ನು ಅಂದವಾಗಿ ಮುಚ್ಚುವುದೂ ಒಂದು ಶಸ್ತ್ರಕ್ರಿಯೆ ಎಂದು ಅಲ್ಲಿಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತನ್ನ ಪದಕೋಶದಲ್ಲಿ ಸೇರಿಸಿದ್ದು 2020ರಲ್ಲಿ, ಲಾರ್ಡ್‌ಳ ಪುಸ್ತಕ ಬಂದು 40 ವರ್ಷಕ್ಕೆ. ಇಂಪ್ಲಾಂಟುಗಳ ಚರಿತ್ರೆಯೂ ಅಂಥ ಭರವಸೆಯದಲ್ಲ. 2019ರಲ್ಲಿ ಒಂದು ಬಗೆಯ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು, ಅಪರೂಪದ ಲಿಂಫೋಮಾಕ್ಕೆ ಕಾರಣವಾಗುತ್ತಿವೆ ಎಂದು, ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಆ ನರ್ಸು ಇನ್ನೂ ನಿವೃತ್ತಳಾಗಿಲ್ಲ. ಕ್ಯಾನ್ಸರ್ ಯಕೃತ್ತಿಗೆ ಹರಡಿ 1992ರಲ್ಲಿ ತೀರಿಕೊಳ್ಳುವವರೆಗೂ ಲಾರ್ಡ್ ಪ್ಯಾಡ್ ಇಲ್ಲದೆಯೇ ವೇದಿಕೆ ಹತ್ತಿದಳು. ಹಾಗೆ ಹತ್ತಿದ್ದರಿಂದ ಬಾಯಿ ಬಂದವರು ಎಷ್ಟೋ.

ತಂಗಿಗೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲ ಮುಗಿಯುವ ಹೊತ್ತಿಗೆ ವರ್ಷ ಹತ್ತಿರವಾಗಿತ್ತು. ಆ ವರ್ಷವಿಡೀ ಅವಳು ಚಪ್ಪಟೆ ಎದೆಯಲ್ಲಿ ಬದುಕಿದಳು. ಮನೆಯಲ್ಲಿ ಹಾಗೆಯೇ, ಶಾಲೆಗೆ ಹೋಗುವಾಗ ಹತ್ತಿ ನೂಲಿನಲ್ಲಿ ಹೆಣೆದ ಒಂದು ಹಗುರ ಪ್ಯಾಡ್ ಇಟ್ಟುಕೊಂಡು. ಒಮ್ಮೆ ಅದು ಪ್ರಾರ್ಥನೆಯ ಸಾಲಿನಲ್ಲಿ ಜಾರಿ ಕೆಳಗೆ ಬಿದ್ದು, ಯಾವುದೋ ಹುಡುಗಿ ಎತ್ತಿಕೊಟ್ಟು ಟೀಚರ್ ನಿಮ್ಮ ಪರ್ಸ್ ಎಂದಳಂತೆ. ಹೇಳಿಕೊಂಡು ನಗುತ್ತಿದ್ದಳು. ಅವಳು ಒಗ್ಗಿಕೊಂಡಳು, ಇನ್ನು ಹೀಗೆಯೇ ಇರುತ್ತಾಳೆ ಎಂದು ನಾನು ಒಳಗೇ ಹೆಮ್ಮೆಪಟ್ಟೆ. ಹೆಮ್ಮೆ ಯಾವುದಕ್ಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಫೋನು ಮಾಡಿ, ಹೊಟ್ಟೆಯಿಂದ ತೆಗೆದು ಮಾಡುವುದಕ್ಕೆ ದಿನ ಗೊತ್ತಾಗಿದೆ, ನೀನು ಬರುತ್ತೀಯಾ ಎಂದಳು. ನಾನು ಒಂದು ಕ್ಷಣ ಸುಮ್ಮನಿದ್ದೆ. ಆ ಒಂದು ಕ್ಷಣವನ್ನು ಅವಳು ಕೇಳಿಸಿಕೊಂಡಳು.

“ನಿನ್ನ ಪುಸ್ತಕದವಳಿಗೆ ಬೇಜಾರಾಗುತ್ತದಾ?” ಎಂದಳು.

ಎಂಟು ಗಂಟೆಗೂ ಮೀರಿ ನಡೆಯಿತು. ಮರುದಿನ ಗಂಟೆಗೊಮ್ಮೆ ನರ್ಸು ಬಂದು ಹೊಸ ಎದೆಯ ಬಿಸಿ ನೋಡಿ, ಪುಟ್ಟ ಡಾಪ್ಲರ್ ಯಂತ್ರ ಹಿಡಿದು, ರಕ್ತ ಹರಿಯುವ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದಳು. ಸೊಂಟ ನೆಟ್ಟಗೆ ಮಾಡಲು ವಾರಗಳೇ ಹಿಡಿದವು. ಹೊಟ್ಟೆಯ ಅಡ್ಡಕ್ಕೆ ಉದ್ದನೆಯ ಗೆರೆ. ಎದೆಯನ್ನು ಮುಟ್ಟಿದರೆ ದೂರದಲ್ಲೆಲ್ಲೋ ಮುಟ್ಟಿದ ಹಾಗೆ ಎನ್ನುತ್ತಾಳೆ. ಚೆನ್ನಾಗಿದೆ ಎಂದೂ ಎನ್ನುತ್ತಾಳೆ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅವಳೇ ಪುಸ್ತಕ ಕೇಳಿದಳು, ಅರ್ಧ ಬಿಟ್ಟಿದ್ದೆನಲ್ಲ ಎಂದು. ಮುಂದಿನ ಸಲ ತಂದುಕೊಟ್ಟೆ. ಎರಡು ವಾರ ಬಿಟ್ಟು ಕೊರಿಯರಿನಲ್ಲಿ ಹಿಂದಕ್ಕೆ ಬಂತು. ನನ್ನ ಪೆನ್ಸಿಲ್ ಗೆರೆಗಳ ನಡುವೆ ಅವಳದೆಂದು ಇದ್ದದ್ದು ಒಂದೇ, ಒಂದು ಪುಟದ ಮೂಲೆ ಮಡಿಸಿತ್ತು. ಕನ್ನಡಿಯ ಪುಟ. ಫೋನು ಮಾಡಿ ಕೇಳಿದೆ.

“ಬಣ್ಣ ಸರಿಯಿಲ್ಲ ಅಂತ ಬರೆದಿದ್ದಾಳಲ್ಲ, ಅದು ನೋಡು ನಿಜ” ಎಂದಳು. “ನನ್ನದು ನನ್ನದೇ ಚರ್ಮ, ಆದರೂ ತೇಪೆ ಹಾಕಿದಷ್ಟು ಸ್ಪಷ್ಟ ಕಾಣುತ್ತೆ. ಹೊಟ್ಟೆಯದು ಬೆಳ್ಳಗೆ, ಎದೆಯದು ಕಪ್ಪಗೆ. ನಲವತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ.”